ಈ ಕ್ರಿಸ್ಮಸ್‌ಗೆ ಗಿಫ್ಟ್ ಹ್ಯಾಂಪರ್ ಇಲ್ಲ, ಕುಸ್ವಾರ್ ಮಾತ್ರ

ಪ್ರೀತಿಯ ಗ್ರಾಹಕರೇ,

ಈ ವರ್ಷದಿಂದ ನಾವು ಕ್ರಿಸ್ಮಸ್ ಗಿಫ್ಟ್ ಹ್ಯಾಂಪರ್ ಮಾಡುವುದನ್ನು ನಿಲ್ಲಿಸುತ್ತಿದ್ದೇವೆ. ಮಂಗಳೂರಿನ ನಮ್ಮ ಮಹಿಳಾ ಸಂಘದ ಅಡುಗೆಮನೆಯಲ್ಲಿ ಇನ್ನು ಸಿಗುವುದು ಕುಸ್ವಾರ್, ಅಂದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡಿ ಹಂಚುವ ತಿಂಡಿಗಳು ಮಾತ್ರ. ಈಗಾಗಲೇ ಕೆಲವರು ಫೋನ್ ಮಾಡಿ ಹ್ಯಾಂಪರ್ ಕೇಳಿದ್ದೀರಿ. ಅದಕ್ಕೇ ಕಾರಣ ಬಿಡಿಸಿ ಹೇಳುತ್ತಿದ್ದೇವೆ.

ಹ್ಯಾಂಪರ್ ದುಡ್ಡಿನಲ್ಲಿ ಜಾಸ್ತಿ ಪಾಲು ಹೋಗುತ್ತಿದ್ದುದು ಬುಟ್ಟಿಗೆ, ರಿಬ್ಬನ್ನಿಗೆ, ಹೊರಗಿನಿಂದ ತಂದ ಚಾಕಲೇಟಿಗೆ. ನಮ್ಮ ಕೈಯಾರೆ ಮಾಡಿದ ತಿಂಡಿಗೆ ಒಂದು ಮೂಲೆ ಅಷ್ಟೇ. ಕೊಡುವವರಿಗೆ ಖರ್ಚು. ತೆಗೆದುಕೊಂಡವರಿಗೆ, ಅಷ್ಟೇ ಬೆಲೆಯದ್ದು ನಾವೂ ಕೊಡಬೇಕಲ್ವಾ ಎಂಬ ಚಿಂತೆ. ಕುಸ್ವಾರ್ ಹಂಚುವಾಗ ಈ ಲೆಕ್ಕ ಇರಲೇ ಇಲ್ಲ. ತಟ್ಟೆ ತುಂಬ ತಿಂಡಿ ಇಟ್ಟು, ಮೇಲೊಂದು ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ನೆರೆಮನೆಗೆ ಕಳಿಸುತ್ತಿದ್ದರು. ಹಿಂದೂಗಳ ಮನೆಗೂ ಹೋಗುತ್ತಿತ್ತು, ಬ್ಯಾರಿ ಮುಸ್ಲಿಮರ ಮನೆಗೂ ಹೋಗುತ್ತಿತ್ತು. ದೀಪಾವಳಿಗೆ, ಈದ್‌ಗೆ ಆ ಮನೆಗಳಿಂದಲೂ ತಟ್ಟೆ ಬರುತ್ತಿತ್ತು. ಎಷ್ಟೋ ಕಡೆ ಈಗಲೂ ಉಂಟು.

ಹೋದ ಡಿಸೆಂಬರಿನಲ್ಲಿ ದುಬೈಯಲ್ಲಿರುವ ಮಗನೊಬ್ಬ ತಾಯಿಗೆಂದು ಹ್ಯಾಂಪರ್ ಆರ್ಡರ್ ಮಾಡಿದ್ದ. ನಮ್ಮವರೊಬ್ಬರು ಅದನ್ನು ಕೊಡಲು ಹೋಗಿದ್ದರು. ವಯಸ್ಸಾದ ಆ ತಾಯಿ ಒಂದೊಂದೇ ಸಾಮಾನು ಹೊರಗೆ ತೆಗೆದಿಟ್ಟರು. ಬುಟ್ಟಿಯ ಅಡಿಯಲ್ಲಿದ್ದ ಕಾಗದದ ಚೂರುಗಳಲ್ಲೆಲ್ಲ ಕೈಯಾಡಿಸಿದರು. ಆಮೇಲೆ "ಚೀಟಿ ಏನಾದರೂ ಉಂಟಾ?" ಎಂದು ಕೇಳಿದರು. ಇರಲಿಲ್ಲ. ಸಂಘದ ಸಭೆಯಲ್ಲಿ ಇದನ್ನು ಹೇಳಿದ ಮೇಲೆ ಹ್ಯಾಂಪರ್ ಮುಂದುವರಿಸೋಣ ಎಂದು ಯಾರೂ ಹೇಳಲಿಲ್ಲ.

ಈ ಸಲ ನೆವ್ರಿ (ಕರ್ಜಿಕಾಯಿಯಂಥದ್ದು), ಕಿಡಿಯೊ (ಸುರುಳಿ ಸುತ್ತಿ ಕರಿದ ಸಿಹಿ), ಗುಳಿಯೊ (ಅಕ್ಕಿ ಹಿಟ್ಟಿನ ಕರಿದ ಪುಟ್ಟ ಉಂಡೆ), ರೋಸ್ ಕುಕೀಸ್, ಎಳ್ಳುಂಡೆ, ಚಕ್ಕುಲಿ ಎಲ್ಲವೂ ಅರ್ಧ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಮನೆಯಿಂದಲೇ ಡಬ್ಬಿ ತನ್ನಿ, ತುಂಬಿಸಿ ಕೊಡುತ್ತೇವೆ. ಜೊತೆಗೊಂದು ಖಾಲಿ ಹಾಳೆ ಕೊಡುತ್ತೇವೆ. ಅದರಲ್ಲಿ ದಯವಿಟ್ಟು ನೀವೇ ಬರೆಯಿರಿ. ಕೊಂಕಣಿಯೋ, ತುಳುವೋ, ಕನ್ನಡವೋ, ಎರಡು ಸಾಲಾದರೂ ಸಾಕು. ಕೊಲ್ಲಿಯಲ್ಲಿ, ಮುಂಬೈಯಲ್ಲಿ ಇರುವವರು ಕೈಯಲ್ಲಿ ಬರೆದು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ. ನಿಮ್ಮ ಅಕ್ಷರದಲ್ಲೇ ಪ್ರಿಂಟ್ ತೆಗೆದು ಡಬ್ಬಿಯೊಳಗೆ ಇಡುತ್ತೇವೆ.

ಇನ್ನೊಂದು ಹೊಸದು ಉಂಟು, ನಮಗೆಲ್ಲ ತುಂಬಾ ಇಷ್ಟವಾದದ್ದು. ಡಿಸೆಂಬರಿನ ಮೊದಲೆರಡು ಶನಿವಾರ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಬನ್ನಿ, ಕಿಡಿಯೊ ಸುತ್ತುವುದನ್ನು ಕಲಿಸುತ್ತೇವೆ. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಹೆಬ್ಬೆರಳಿನಿಂದ ಚಪ್ಪಟೆ ಮಾಡಿ ಒತ್ತಬೇಕು. ಹಾಗೇ ಸುರುಳಿ ಸುತ್ತುತ್ತಾ ಬಿಡಿಸಿದರೆ ಮೈಮೇಲೆ ಗೆರೆ ಮೂಡುತ್ತದೆ. ಮಕ್ಕಳಿಗೆ ಇದು ಬೇಗ ಕೈಗೆ ಹತ್ತುತ್ತದೆ. ಕರಿಯುವುದು, ಸಕ್ಕರೆ ಪಾಕ ಹಿಡಿಸುವುದು ನಮ್ಮ ಕೆಲಸ. ಸಾಮಾನಿನ ಖರ್ಚು ಮಾತ್ರ ಕೊಟ್ಟು, ಮಾಡಿದ್ದನ್ನು ನೀವೇ ಒಯ್ಯಬಹುದು. ಮೊಮ್ಮಗ ಸುತ್ತಿದ ಕಿಡಿಯೊ ಸೊಟ್ಟಗಿದ್ದರೂ ಅಜ್ಜಿ ಮೊದಲು ಬಾಯಿಗೆ ಹಾಕಿಕೊಳ್ಳುವುದು ಅದನ್ನೇ.

ಆಫೀಸುಗಳಿಗೆ ಒಟ್ಟಿಗೆ ಬೇಕಾದವರಿಗೂ ಇದೇ ತಿಂಡಿ, ಸಾದಾ ರಟ್ಟಿನ ಡಬ್ಬಿಯಲ್ಲಿ. ಹ್ಯಾಂಪರ್‌ಗೆ ಅಡ್ವಾನ್ಸ್ ಕೊಟ್ಟವರು ಹಣ ವಾಪಸ್ ಪಡೆಯಬಹುದು, ಇಲ್ಲವೇ ಅದನ್ನು ಕುಸ್ವಾರ್‌ಗೆ ಹಾಕಿಕೊಳ್ಳಬಹುದು.

ಆರ್ಡರ್ ಡಿಸೆಂಬರ್ 15ರವರೆಗೆ. ಹೊರಊರಿಗೆ ಪಾರ್ಸೆಲ್ ಬೇಕಿದ್ದರೆ 10ರೊಳಗೆ ಹೇಳಿ. ರೋಸ್ ಕುಕೀಸ್ ದಾರಿಯಲ್ಲಿ ಪುಡಿಯಾಗುತ್ತದೆ, ಹಾಗಾಗಿ ಅದು ಊರಿನವರಿಗೆ ಮಾತ್ರ.

ಇಂತಿ ನಿಮ್ಮ,
ಅಡುಗೆಮನೆಯ ಎಲ್ಲ ಸದಸ್ಯೆಯರು