ಚರ್ಚೆಯೋ, ಸನ್ಮಾನ ಸಮಾರಂಭವೋ?

ಮಾನ್ಯರೇ,

ಕಾಲೇಜು ಚರ್ಚಾಸ್ಪರ್ಧೆ ‘ಅರ್ಥಪೂರ್ಣ’ವಾಗಿ ನಡೆಯಿತೆಂಬ ನಿಮ್ಮ ನಿನ್ನೆಯ ವರದಿ ಓದಿ ಮೈ ಉರಿಯಿತು. ನಿಮ್ಮ ವರದಿಗಾರರು ಊಟದ ಹೊತ್ತಿಗೆ ಬಂದು ಫೋಟೊ ಹೊಡೆದುಕೊಂಡು ಹೋದವರು. ಬೆಳಿಗ್ಗೆಯಿಂದ ಕಾದವರು ನಾವು.

ಹತ್ತಕ್ಕೆ ಎಂದಿದ್ದ ಕಾರ್ಯಕ್ರಮ ಆರೋಗ್ಯ ಇಲಾಖೆಯ ಸಾಹೇಬರ ಜೀಪು ಬಂದ ಮೇಲೆ, ಹನ್ನೆರಡೂವರೆಗೆ ಶುರುವಾಯಿತು. ಅಂಗಡಿ ಬಾಗಿಲು ಹಾಕಿಕೊಂಡು ಮಗಳ ಜತೆ ಬಂದಿದ್ದೆ. ಪೋಷಕರಿಗೆ ಕುರ್ಚಿಯಿಲ್ಲ, ಕುಡಿಯಲು ನೀರಿಲ್ಲ, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆಯೆಂದು ಸಂಜೆಯವರೆಗೂ ತಿಳಿಯಲಿಲ್ಲ. ವೇದಿಕೆಯ ಮೇಲೆ ಮಾತ್ರ ಗೋಡಂಬಿ ತಟ್ಟೆ ಖಾಲಿಯಾದಂತೆಲ್ಲ ತುಂಬುತ್ತಿತ್ತು.

ವಿಷಯವೇನೋ ಒಳ್ಳೆಯದೇ. ಅಹಮದಾಬಾದಿನಲ್ಲಿ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯಿಂದ ಬಳಲುತ್ತಿದ್ದ, ಪದೇಪದೇ ರಕ್ತ ಕೊಡಿಸಬೇಕಿದ್ದ ಹುಡುಗನಿಗೆ ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತ ಹುಟ್ಟಿಸುವ ತಿರುಳು) ಹೊಂದಲೆಂದು ಐವಿಎಫ್‌ನಲ್ಲಿ (ಪ್ರನಾಳ ಶಿಶು ವಿಧಾನದಲ್ಲಿ) ಭ್ರೂಣ ಆರಿಸಿ 2018ರಲ್ಲಿ ತಂಗಿಯನ್ನು ಹೆತ್ತರಲ್ಲ, ಅದು ಸರಿಯೇ? ‘ಮಜ್ಜೆ ತೆಗೆಯುವಾಗ ಆ ಕೂಸನ್ನು ಕೇಳಿದವರು ಯಾರು?’ ಎಂದು ಒಬ್ಬ ಹುಡುಗ ಎತ್ತಿದ. ಪರ ವಹಿಸಿದ್ದ ನನ್ನ ಮಗಳು, ‘ವಂಶ ಬೆಳಗಲಿ ಎಂದು ಗಂಡು ಹೆರುವುದು ತಪ್ಪಲ್ಲವಾದರೆ ಅಣ್ಣನ ಜೀವ ಉಳಿಯಲಿ ಎಂದು ಹೆಣ್ಣು ಹೆರುವುದು ಹೇಗೆ ತಪ್ಪು?’ ಎಂದಳು. ಈಗ ಕಾವೇರಿತು ಎನ್ನುವಷ್ಟರಲ್ಲಿ ಸಾಹೇಬರು ಮೈಕ್ ಕಿತ್ತುಕೊಂಡರು. ‘ಮಕ್ಕಳೇ, ಇಂಥ ತರ್ಕವೆಲ್ಲ ಬೇಡ, ರಕ್ತದಾನ ಮಹಾದಾನ, ಅಷ್ಟು ಹೇಳಿ ಸಾಕು.’ ಮೇಲಿಂದ, ನಾಳೆಯೇ ರಕ್ತ ಕೊಡುತ್ತೇವೆಂದು ಪ್ರತಿಜ್ಞೆ ಬೇರೆ! 18 ತುಂಬದವರಿಂದ ರಕ್ತ ತೆಗೆಯುವಂತಿಲ್ಲ ಎಂಬುದು ಪಿಯು ಮಕ್ಕಳಿಗೆ ಗೊತ್ತು, ಇಲಾಖೆಗೆ ಗೊತ್ತಿಲ್ಲ. ಮೊದಲ ಬಹುಮಾನ ಯಾರಿಗೆ ಹೋಯಿತು ಗೊತ್ತೇ? ಪರವೂ ಇಲ್ಲದೆ ವಿರೋಧವೂ ಇಲ್ಲದೆ ಪದ್ಯ ಓದಿದವನಿಗೆ.

ಇನ್ನೊಬ್ಬ ಹುಡುಗಿ, 2017ರ ರಕ್ತದಾನಿಗಳ ಮಾರ್ಗಸೂಚಿ ಲಿಂಗತ್ವ ಅಲ್ಪಸಂಖ್ಯಾತರನ್ನು ಹೊರಗಿಟ್ಟಿರುವುದು ನ್ಯಾಯವೇ ಎಂದು ಬರೆದುಕೊಂಡು ಬಂದಿದ್ದಳಂತೆ. ಉಪನ್ಯಾಸಕರು ಆ ಪುಟಕ್ಕೆ ಹಿಂದಿನ ದಿನವೇ ಕೆಂಪು ಗೀಟು ಎಳೆದಿದ್ದರು. ಮಾತಾಡುವುದನ್ನು ಕಲಿಸುವುದು ಹೀಗೆ!

ಸುಪ್ರೀಂ ಕೋರ್ಟ್‌ನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದು ನಿಂತಿದೆಯಂತೆ. ಒಂದು ಪ್ರಶ್ನೆ ಬಂದಿದ್ದರೆ ಸಾಹೇಬರಿಗೆ ಕಷ್ಟವಾಗುತ್ತಿತ್ತು: ರೋಗಿಯ ಕಡೆಯವರೇ ರಕ್ತ ಕೊಡುವವರನ್ನು ಕರೆತರಬೇಕೆಂಬ ಬದಲಿ ದಾನಿಗಳ ಪದ್ಧತಿ ಹಂತಹಂತವಾಗಿ ಹೋಗಬೇಕೆಂದು 2002ರ ರಾಷ್ಟ್ರೀಯ ರಕ್ತ ನೀತಿಯೇ ಹೇಳಿದ ಮೇಲೂ, ನಮ್ಮಣ್ಣನ ಆಪರೇಷನ್ ದಿನ ‘ಬದಲಿಗೆ ಜನ ತನ್ನಿ, ಆಮೇಲೆ ಬಾಟಲಿ’ ಎಂದದ್ದು ಯಾಕೆ? ಗೇಟಿನ ಬಳಿ ‘ಎಷ್ಟು ಕೊಡ್ತೀರಿ’ ಎಂದು ಪಿಸುಗುಟ್ಟಿದವನು ಯಾವ ದಾನಿ? ಕೊಟ್ಟ ದೂರು ಇವತ್ತಿಗೂ ‘ಪರಿಶೀಲನೆಯಲ್ಲಿದೆ’. ನಮ್ಮ ಬೀದಿಯ ಚರಂಡಿಯೂ ಪರಿಶೀಲನೆಯಲ್ಲಿದೆ. ತಾಲ್ಲೂಕು ಆಸ್ಪತ್ರೆಯ ರಕ್ತ ಶೇಖರಣಾ ಘಟಕಕ್ಕೆ ಟೇಪು ಕತ್ತರಿಸಿದ ಮೇಲೆ ಬಿದ್ದ ಬೀಗ ಹಾಗೇ ಇದೆ.

ಸ್ಪರ್ಧೆಯನ್ನು ಮತ್ತೆ ನಡೆಸಲಿ, ಇಲ್ಲವೇ ಇನ್ನೆಂದೂ ನಡೆಸದಿರಲಿ. ತೀರ್ಪುಗಾರರನ್ನಾದರೂ ಬದಲಿಸಲಿ, ಬಹುಮಾನವನ್ನಾದರೂ ವಾಪಸು ಪಡೆಯಲಿ. ಸಂಬಂಧಪಟ್ಟವರು ಅಂತ ಯಾರಾದರೂ ಇದ್ದರೆ ಏನಾದರೊಂದು ಮಾಡಲಿ. ಏನೂ ಆಗದಿದ್ದರೆ ಶಾಲು ಹೊದ್ದು ಮಲಗಲಿ, ಮಕ್ಕಳನ್ನು ಬಿಸಿಲಲ್ಲಿ ಕಾಯಿಸುವುದಾದರೂ ತಪ್ಪುತ್ತದೆ.

– ನೊಂದ ಪೋಷಕ, ಕೋಟೆ ಬೀದಿ