ಮೊದಲ ಪುಟದ 28 ‘ನಾನು’ಗಳು

ಪ್ರೀತಿಯ ತಮ್ಮಾ,

ಕತೆ ತಲುಪಿತು. ಎರಡು ಸಲ ಓದಿದೆ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು, ಹಳೇ ಚಟ. ಮೊದಲ ಪುಟದಲ್ಲೇ 28 ‘ನಾನು’ ಸಿಕ್ಕವು. ಒಂದೊಂದಾಗಿ ಹೊಡೆದು ಹಾಕುತ್ತಾ ಹೋದೆ. 19 ಹೋದರೂ ಕತೆಗೆ ಏನೂ ಆಗಲಿಲ್ಲ. ‘ನಾನು ಬಾಗಿಲು ತೆರೆದೆ, ನಾನು ಹೊರಗೆ ನೋಡಿದೆ’ ಅಂತ ಬರೆದಿದ್ದೀಯ. ‘ಬಾಗಿಲು ತೆರೆದೆ, ಹೊರಗೆ ನೋಡಿದೆ’ ಅಂದರೂ ಯಾರು ಅಂತ ಗೊತ್ತಾಗುತ್ತದೆ ಅಲ್ವಾ? ನಮ್ಮ ಕ್ರಿಯಾಪದದ ಬಾಲದಲ್ಲೇ ಆಳು ಕೂತಿರುತ್ತಾನೆ. ಅವನನ್ನು ಮತ್ತೆ ಎಬ್ಬಿಸಿ ಮುಂದೆ ನಿಲ್ಲಿಸುವುದು ಯಾಕೆ?

ಕತೆಯ ಜೊತೆಗಿದ್ದ ಪತ್ರದಲ್ಲೂ ಅವನೇ ಇದ್ದಾನೆ. ‘ನಿಜವಾದ ನಾನು ಯಾರು ಅಂತ ತಿಳಿಯದೆ ಬರೆಯೋದು ಹೇಗೆ? ನನಗೆ ಬೇಕಾದ್ದು ಯಾವುದೂ ಸಿಗುತ್ತಿಲ್ಲ’ ಅಂತ ಕೇಳಿದ್ದೀಯ. ಒಳಗೆ ಒಬ್ಬ ಕೂತಿದ್ದಾನೆ, ಅವನ ಕೈಯಲ್ಲೊಂದು ಪಟ್ಟಿ ಇದೆ, ಪಟ್ಟಿಯಲ್ಲಿದ್ದದ್ದೆಲ್ಲ ಸಿಕ್ಕಿದರೆ ಅವನು ಬರೆಯಲು ಕೂರುತ್ತಾನೆ. ಇಷ್ಟನ್ನೂ ನೀನು ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೀಯ.

ನನಗೆ ಆ ಒಬ್ಬನ ಮೇಲೆ ಅನುಮಾನ.

ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1739ರಲ್ಲಿ ಈ ಹುಡುಕಾಟದ ಬಗ್ಗೆ ಬರೆದ. ಒಳಗೆ ಇಣುಕಿದಾಗಲೆಲ್ಲ ಅವನಿಗೆ ಸಿಕ್ಕಿದ್ದು ಬಿಸಿ, ತಂಪು, ಬೆಳಕು, ನೆರಳು, ಪ್ರೀತಿ, ದ್ವೇಷ. ಅವುಗಳ ಒಡೆಯ ಮಾತ್ರ ಸಿಗಲಿಲ್ಲ. ಅದಕ್ಕೂ ಎಷ್ಟೋ ಶತಮಾನ ಹಿಂದಿನ ಒಂದು ಮಾತುಕತೆಯಲ್ಲಿ ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು? ಗಾಲಿಯೇ, ಅಚ್ಚೇ, ನೊಗವೇ? ಯಾವುದೂ ಅಲ್ಲ ಅನ್ನುತ್ತಾನೆ ರಾಜ. ಹಾಗಂತ ರಾಜ ನಡೆದುಕೊಂಡೇನೂ ಬಂದಿರಲಿಲ್ಲ! ರಥ ಇತ್ತು. ಗಾಲಿ, ಅಚ್ಚು, ನೊಗ ಎಲ್ಲ ತೆಗೆದಿಟ್ಟ ಮೇಲೂ ಉಳಿಯುವ ರಥ ಇರಲಿಲ್ಲ, ಅಷ್ಟೆ.

ಕನ್ನಡಕ್ಕೂ ಈ ಅನುಮಾನ ಇದ್ದ ಹಾಗಿದೆ ನೋಡು. ‘ನಾನು ಓಡಿದೆ’ ಅನ್ನುತ್ತೇವೆ. ಆದರೆ ‘ನನಗೆ ಹಸಿವಾಯಿತು’, ‘ನನಗೆ ಸಿಟ್ಟು ಬಂತು’, ‘ನನಗೆ ನೆನಪಾಯಿತು’. ಅವು ನಾನು ಮಾಡಿದ್ದಲ್ಲ, ನನ್ನ ಹತ್ತಿರ ಬಂದವು. ‘ಬೇಕು’ ಕೂಡ ಹಾಗೇ. ‘ನಾನು ಬೇಕು’ ಅಂದುನೋಡು, ಅರ್ಥವೇ ತಿರುಗಿಬಿಡುತ್ತದೆ. ವ್ಯಾಕರಣದಿಂದ ತತ್ವ ಹಿಂಡಬಾರದು, ಗೊತ್ತು. ಆದರೂ ಬರೆಯುವವನ ಕಿವಿಗೆ ಇದು ಬೀಳಬೇಕು.

ಹಾಗಾದರೆ ‘ಬೇಕು’ ಬರುವುದು ಎಲ್ಲಿಂದ? ಮೊನ್ನೆ ನನ್ನ ಹಳೇ ನೋಟ್‌ಬುಕ್ ಸಿಕ್ಕಿತು. 26ರ ವಯಸ್ಸಿನಲ್ಲಿ ಬರೆದ ಪಟ್ಟಿ ಅದರಲ್ಲಿತ್ತು, ‘ಬರೆಯಲು ನನಗೆ ಬೇಕಾದವು’ ಅಂತ. ಒಟ್ಟು ಏಳು. ಮೊದಲನೆಯದು ಟೈಪ್‌ರೈಟರ್. ನನಗೆ ಟೈಪಿಂಗ್ ಬರುತ್ತಲೇ ಇರಲಿಲ್ಲ. ಗೆಳತಿಯ ಹತ್ತಿರ ಒಂದಿತ್ತು, ಅದರ ಟಕಟಕ ಕೇಳಿ ನನಗೂ ಬೇಕಾಯಿತು. ಎರಡನೆಯದು ಕಿಟಕಿಯ ಪಕ್ಕದ ಮೇಜು. ಅದು ಯಾವುದೋ ಲೇಖಕನ ಫೋಟೋದಲ್ಲಿ ಕಂಡದ್ದು. ಐದನೆಯದು ‘ಯಾರೂ ಕರೆಯದ ಮೂರು ಗಂಟೆ’. ಅದು ಸಿಕ್ಕಿದ ವರ್ಷವೇ ನಾನು ಎಲ್ಲಕ್ಕಿಂತ ಕಡಿಮೆ ಬರೆದದ್ದು. ಕರೆಯುತ್ತಿದ್ದವರ ಮಾತುಗಳೇ ನನ್ನ ಕತೆಗಳಲ್ಲಿ ಬರುತ್ತಿದ್ದವು ಅಂತ ಆಮೇಲೆ ತಿಳಿಯಿತು. ಏಳನೆಯದನ್ನು ಕಾಗದ ಹರಿಯುವಷ್ಟು ಗೀಚಿ ಅಳಿಸಿದ್ದೇನೆ. ಏನಿತ್ತೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಷ್ಟೊಂದು ಬೇಕಾಗಿದ್ದವಳು ಎಲ್ಲಿಗೆ ಹೋದಳೋ!

ಇಷ್ಟು ಹೇಳಿದ ಮೇಲೆ ಒಂದು ಭಯವೂ ಇದೆ. ‘ನಾನು ಅನ್ನೋದೇ ಸುಳ್ಳು’ ಅಂತ ನಿನಗೆ ನೀನು ಹೇಳಿಕೋ, ಇನ್ನೊಬ್ಬರಿಗೆ ಹೇಳಲು ಹೋಗಬೇಡ. ಹೊಟ್ಟೆ ತುಂಬಿದವರು ಹಸಿದವರಿಗೆ ಇದನ್ನು ಹೇಳುವುದು ನೋಡಿದ್ದೇನೆ. ಬರೆಯಲು ಸಮಯ ಬೇಕು ಅಂದಾಗ ನನಗೂ ಹೇಳಿದ್ದಾರೆ, ‘ನಿಂದೇನು, ಯಾವಾಗಲೂ ನಾನು ನಾನು’ ಅಂತ. ಹಸಿವಿಗೆ ಒಡೆಯ ಇಲ್ಲದಿರಬಹುದು, ಹಸಿವು ಮಾತ್ರ ಇದ್ದೇ ಇದೆ. 8ನೇ ಶತಮಾನದ ಬೌದ್ಧ ಭಿಕ್ಷು ಶಾಂತಿದೇವ ಇದೇ ಎಳೆ ಹಿಡಿದು ಬೇರೆ ಕಡೆಗೆ ಹೋದ. ನೋವಿಗೆ ಒಡೆಯನೇ ಇಲ್ಲ ಅಂದಮೇಲೆ ನನ್ನ ನೋವು, ಅವರ ನೋವು ಅನ್ನುವ ಲೆಕ್ಕ ಎಲ್ಲಿಯದು? ನೋವು ಅಂದಮೇಲೆ ಕಳೆಯಬೇಕು, ಯಾರದ್ದಾದರೂ ಸರಿ.

ಈಗ ನಿನ್ನ ಮೂರನೇ ಪುಟ. ಗೋಡೆಯಾಚೆ ಯಾರೋ ಕೆಮ್ಮುತ್ತಾರೆ. ‘ಆ ಕೆಮ್ಮು ನನ್ನ ಏಕಾಂತವನ್ನು ಕೆಡಿಸಿತು’ ಅಂತ ಬರೆದು, ಮುಂದಿನ ಎರಡು ಪುಟ ಪೂರ್ತಿ ಏಕಾಂತದ್ದೇ ಮಾತು. ನನ್ನ ಕಿವಿ ಮಾತ್ರ ಗೋಡೆಯ ಕಡೆಗೇ ಇತ್ತು. ಒಣ ಕೆಮ್ಮೋ, ಕಫದ್ದೋ? ರಾತ್ರಿ ಎಷ್ಟು ಹೊತ್ತಿಗೆ ಶುರುವಾಗುತ್ತದೆ? ಕೆಮ್ಮು ನಿಂತ ಮೇಲೆ ಯಾರಾದರೂ ಲೋಟ ಎತ್ತಿ ನೀರು ಕೊಡುವ ಸದ್ದು ಬರುತ್ತದಾ, ಇಲ್ವಾ?

ಆ ಎರಡು ಪುಟ ತೆಗೆದು ಇದನ್ನು ಬರೆದು ಕಳಿಸು. ಪೆನ್ಸಿಲ್ ಚೂಪು ಮಾಡಿಟ್ಟುಕೊಂಡಿರುತ್ತೇನೆ.

ನಿನ್ನ ಅಕ್ಕ