ಬೀಗವಿಲ್ಲದ ಪೆಟ್ಟಿಗೆ

ಪ್ರೀತಿಯ ಪುಟ್ಟನಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಭಾನುವಾರ ಫೋನಿನಲ್ಲಿ ನೀನಂದ ಒಂದು ಮಾತು ಎರಡು ದಿನದಿಂದ ತಲೆಯಲ್ಲೇ ಸುತ್ತುತ್ತಿದೆ. ಹಾಸ್ಟೆಲಿನ ಗೆಳೆಯ ಆ ದುಬಾರಿ ಸಾಫ್ಟ್‌ವೇರಿನ ಲೈಸೆನ್ಸಿನ ಬೀಗ ಮುರಿದು ಕ್ರ್ಯಾಕ್ ಮಾಡಿದ ಕಾಪಿ ಕೊಟ್ಟಿದ್ದಾನೆ, ಪಿಎಚ್‌ಡಿಗೆ ಬೇಕಾದ ಬಾವಿ ನೀರಿನ ಲೆಕ್ಕವೆಲ್ಲ ಅದರಲ್ಲೇ ಮುಗಿಸುತ್ತೇನೆ ಅಂದೆ. ಆಗ ಬೈಯಲು ಮನಸ್ಸಾಗಲಿಲ್ಲ. ಬೈದರೆ ತಿಳಿಯುವ ವಿಷಯವೂ ಅದಲ್ಲ.

ನಾನು ಸಂಶೋಧನಾ ಕೇಂದ್ರದಲ್ಲಿ ಮಳೆ, ಇಳುವರಿಯ ಲೆಕ್ಕ ನೋಡಿಕೊಳ್ಳುತ್ತಿದ್ದಾಗ ನಮ್ಮಲ್ಲೂ ಒಂದು ದುಡ್ಡಿನ ಪ್ಯಾಕೇಜ್ ಇತ್ತು. ಕಂಪ್ಯೂಟರಿನ ಹಿಂದೆ ಬೆರಳುದ್ದದ ಡಾಂಗಲ್ ಚುಚ್ಚಿದರೆ ಮಾತ್ರ ಅದು ಓಡುತ್ತಿತ್ತು. ಒಂದು ಮಳೆಗಾಲ ಡಾಂಗಲ್ ಕೆಟ್ಟಿತು. ಲೈಸೆನ್ಸೂ ಮುಗಿದಿತ್ತು, ಹೊಸದಕ್ಕೆ ದುಡ್ಡು ಮಂಜೂರಾಗಲಿಲ್ಲ. ನಾವೇ ಅಳೆದ ಮಳೆ, ನಾವೇ ತೂಗಿದ ಭತ್ತ, ಆದರೆ ಫೈಲುಗಳು ಬೇರೆ ಯಾವುದರಲ್ಲೂ ತೆರೆಯದು. ಹಳೆಯ ರಿಜಿಸ್ಟರುಗಳನ್ನು ಅಟ್ಟದಿಂದ ಇಳಿಸಿ, ಮೂವರು ಕೂತು, ಎರಡು ತಿಂಗಳು ಮತ್ತೆ ಟೈಪ್ ಮಾಡಿದೆವು. ಇಲಿ ಕಡಿದ ಪುಟಗಳ ಅಂಕಿಗಳು ಹೋದದ್ದು ಹೋದವೇ. ಅವತ್ತಿನ ಸಂಕಟ ನನಗೆ ಈಗಲೂ ಮರೆತಿಲ್ಲ.

ಎಷ್ಟೋ ವರ್ಷದ ಮೇಲೆ ಜಾನ್ ಹಂಟರ್ ಅವರ ವಿಷಯ ಓದಿದಾಗ ಕಣ್ಣು ತುಂಬಿ ಬಂತು. ಅಮೆರಿಕದ ನರವಿಜ್ಞಾನಿ. ಮೂರ್ಛೆರೋಗಿಗಳ ಮಿದುಳಿನ ಮೇಲಿಟ್ಟ ಎಲೆಕ್ಟ್ರೋಡುಗಳಿಂದ ಬರುವ ವಿದ್ಯುತ್ ಸಂಕೇತಗಳನ್ನು ನೋಡುವುದು ಅವರ ಕೆಲಸ. ಅವರ ಲ್ಯಾಬಿನಲ್ಲಿದ್ದದ್ದೂ ಒಂದೇ ಲೈಸೆನ್ಸು, ಒಂದೇ ಡಾಂಗಲ್. ಡಾಕ್ಟರು, ಎಂಜಿನಿಯರು, ವಿದ್ಯಾರ್ಥಿ ಎಲ್ಲರೂ ಸರದಿಯಲ್ಲಿ ಕಾಯಬೇಕಿತ್ತು. ಅವರು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಮ್ಮದೇ ಗ್ರಾಫ್ ಬಿಡಿಸುವ ಸಾಧನ ಬರೆದು 2003ರಲ್ಲಿ ಎಲ್ಲರಿಗೂ ಕೊಟ್ಟುಬಿಟ್ಟರು. ನೀನು ದಿನಾ ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಅದೇ ಕಣೋ. 2012ರಲ್ಲಿ ಅವರು ತೀರಿಕೊಂಡರು. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಹೊರಬಿತ್ತಲ್ಲ, ಅದರ ಹಿಂದಿನ ಲೆಕ್ಕದಲ್ಲೂ ಪೈಥಾನಿನ ಲೆಕ್ಕದ ಸಾಧನಗಳಾದ ನಂಪೈ, ಸೈಪೈ, ಜೊತೆಗೆ ಮ್ಯಾಟ್‌ಪ್ಲಾಟ್‌ಲಿಬ್ ಇದ್ದವು. ಒಬ್ಬ ಮನುಷ್ಯ ತನ್ನ ಲ್ಯಾಬಿನ ಕಷ್ಟಕ್ಕೆ ಕಟ್ಟಿಕೊಂಡದ್ದು ಎಲ್ಲೆಲ್ಲಿಗೆ ತಲುಪಿತು ನೋಡು.

ಬಿಟ್ಟಿ ಸಿಗುತ್ತದೆ ಅನ್ನುವುದಕ್ಕೆ ಇಂಥ ಓಪನ್ ಸೋರ್ಸ್ ಸಾಧನಗಳನ್ನು ಬಳಸು ಅನ್ನುತ್ತಿಲ್ಲ. ಕ್ರ್ಯಾಕ್ ಕಾಪಿಯೂ ಬಿಟ್ಟಿಯೇ. ಈ ಓಪನ್ ಸೋರ್ಸ್ ಸಾಧನಗಳನ್ನು ಬಿಚ್ಚಿ ನೋಡಬಹುದು, ನನಗೆ ಮುಖ್ಯವಾದದ್ದು ಅದು. ನಿನ್ನ ಬಾವಿಗಳ ಲೆಕ್ಕವನ್ನೇ ತೆಗೆದುಕೊ. ಎಂಟು ಬಾವಿಗಳಲ್ಲಿ ನೀರು 2, 4, 4, 4, 5, 5, 7, 9 ಮೀಟರ್ ಆಳದಲ್ಲಿದೆ ಅಂತಿಟ್ಟುಕೊ. ಸರಾಸರಿ 5. ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ಕೇಳಿದರೆ ನಂಪೈ 2 ಅನ್ನುತ್ತದೆ, ಪಾಂಡಾಸ್ ಅನ್ನುವ ಇನ್ನೊಂದು ಪೈಥಾನ್ ಸಾಧನ 2.138 ಅನ್ನುತ್ತದೆ. ಎರಡೂ ತಪ್ಪಲ್ಲ. ಸರಾಸರಿಯಿಂದ ಇರುವ ಅಂತರಗಳ ವರ್ಗಗಳನ್ನು ಕೂಡಿದರೆ 32. ನಾವಾಗಿ ಏನೂ ಹೇಳದಿದ್ದರೆ ನಂಪೈ ಅದನ್ನು 8ರಿಂದ ಭಾಗಿಸುತ್ತದೆ, ಪಾಂಡಾಸ್ 7ರಿಂದ. ಬಂದದ್ದರ ವರ್ಗಮೂಲವೇ ಉತ್ತರ. ಊರಿನಲ್ಲಿರುವುದೇ ಆ ಎಂಟು ಬಾವಿಯಾದರೆ 8 ಸರಿ. ಇಡೀ ತಾಲ್ಲೂಕಿನ ಪರವಾಗಿ ಎಂಟನ್ನು ಆರಿಸಿಕೊಂಡಿದ್ದರೆ 7. ಅದನ್ನು ತೀರ್ಮಾನಿಸಬೇಕಾದವನು ಬಾವಿ ನೋಡಿ ಬಂದ ನೀನು, ಸಾಫ್ಟ್‌ವೇರ್ ಅಲ್ಲ. ಪೈಥಾನ್ ಕೋಡ್ ಬರೆದು ಓಡಿಸುವ ಜುಪಿಟರ್‌ನಲ್ಲಿ ಫಂಕ್ಷನ್ನಿನ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ವಿವರಣೆ ಬರುತ್ತದೆ, ಎರಡು ಹಾಕಿದರೆ ಪೈಥಾನಿನಲ್ಲಿ ಬರೆದದ್ದರ ಮೂಲ ಕೋಡೇ ಬರುತ್ತದೆ. ಪ್ರಬಂಧದಲ್ಲಿ ಬರೆಯುವ ಪ್ರತಿ ಸಂಖ್ಯೆಗೂ ಒಮ್ಮೆಯಾದರೂ ಹೀಗೆ ಬಿಚ್ಚಿ ನೋಡು ಮಗು. ನೋಡದೆ ಬಳಸುವವನಿಗೆ ತೆರೆದ ಪೆಟ್ಟಿಗೆಯೂ ಒಂದೇ, ಮುಚ್ಚಿದ ಪೆಟ್ಟಿಗೆಯೂ ಒಂದೇ.

ಇನ್ನು ಆ ಕ್ರ್ಯಾಕ್ ಕಾಪಿ. ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ ಅಂತ ಪ್ರಬಂಧದಲ್ಲಿ ಬರೆಯಬೇಕಲ್ಲ, ಏನು ಬರೆಯುತ್ತೀಯ? ಪರೀಕ್ಷಕರು ಕೋಡ್ ಓಡಿಸಿ ತೋರಿಸು ಅಂದರೆ? ಅದರೊಳಗೆ ಯಾರು ಏನು ತಿದ್ದಿದ್ದಾರೋ ನಿನಗೂ ಗೊತ್ತಿಲ್ಲ. ಇವತ್ತೇ ತೆಗೆದುಹಾಕು.

ನಿನ್ನ ಗೈಡ್ ಲೆಕ್ಕವೆಲ್ಲ ದುಡ್ಡಿನ ಸಾಫ್ಟ್‌ವೇರಾದ ಮ್ಯಾಟ್‌ಲ್ಯಾಬ್‌ನಲ್ಲೇ ಬೇಕು ಅಂದರೆ ವಾದಕ್ಕೆ ಹೋಗಬೇಡ. ಅದರಲ್ಲಿ ಬರೆದದ್ದು ಬಹುಪಾಲು ಓಪನ್ ಸೋರ್ಸ್ ಆದ ಆಕ್ಟೇವ್‌ನಲ್ಲೂ ಓಡುತ್ತದೆ. ಕೆಮಿಕಲ್ ಎಂಜಿನಿಯರಿಂಗ್ ಹುಡುಗರು ಪಾಠ ಕಲಿಯುವುದು ಬಿಟ್ಟು ಫೋರ್ಟ್ರಾನ್ ಭಾಷೆಯ ಕೋಡಿನಲ್ಲಿ ತಪ್ಪು ಹುಡುಕುವುದರಲ್ಲೇ ದಿನ ಕಳೆಯುತ್ತಾರೆ ಅಂತ ಹುಟ್ಟಿಕೊಂಡ ಸಾಧನ ಆಕ್ಟೇವ್. ಬರೆದ ಜಾನ್ ಈಟನ್ ಅದಕ್ಕೆ ತಮ್ಮ ಮೇಷ್ಟ್ರು ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರಿಟ್ಟರು. ಕೈಗೆ ಸಿಕ್ಕ ಚೂರು ಕಾಗದದಲ್ಲಿ ಅಂದಾಜು ಲೆಕ್ಕ ಹಾಕಿ ಉತ್ತರ ಹೇಳುವುದರಲ್ಲಿ ಆ ಮೇಷ್ಟ್ರು ಎತ್ತಿದ ಕೈಯಂತೆ. ನೀನೂ ಕಂಪ್ಯೂಟರಿಗೆ ಕೊಡುವ ಮೊದಲು ಹಾಗೊಂದು ಅಂದಾಜು ಬರೆದಿಟ್ಟುಕೊ. ನನ್ನ ಕೆಲಸದಲ್ಲಿ ಎಷ್ಟೋ ತಪ್ಪುಗಳು ಅದರಿಂದಲೇ ಸಿಕ್ಕಿಬಿದ್ದವು. ನಿನ್ನ ಜೂನಿಯರುಗಳು ಇಂಗ್ಲಿಷಿಗೆ ಹೆದರಿದರೆ ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ತೋರಿಸು, ಅದರಲ್ಲಿ ಕನ್ನಡದಲ್ಲೇ ಪಾಠಗಳಿವೆ.

ಡೇಟಾವನ್ನು ಯಾವಾಗಲೂ ಸಿಎಸ್‌ವಿಯಲ್ಲಿ, ಅಂದರೆ ಅಂಕಿಗಳನ್ನು ಅಲ್ಪವಿರಾಮ ಹಾಕಿ ಬೇರೆ ಮಾಡಿದ ಸರಳ ಪಠ್ಯದ ಫೈಲಿನಲ್ಲಿ, ಇಡು. ಯಾವ ಯಾವ ಆವೃತ್ತಿ ಬಳಸಿದೆ ಅಂತ ಒಂದು ಫೈಲಿನಲ್ಲಿ ಬರೆದಿಡು, ಎರಡು ವರ್ಷದ ಮೇಲೆ ನಿನಗೇ ಬೇಕಾಗುತ್ತದೆ. ನಂಪೈ ಬಗ್ಗೆ 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಲೇಖನ ಬಂದಿದೆ, ಪ್ರಬಂಧದ ಉಲ್ಲೇಖಪಟ್ಟಿಯಲ್ಲಿ ಅದನ್ನು ಸೇರಿಸು. ಇವನ್ನು ಕಟ್ಟಿದವರಲ್ಲಿ ಎಷ್ಟೋ ಜನ ನಿನ್ನ ಹಾಗೇ ಓದುತ್ತಿದ್ದ ಹುಡುಗ ಹುಡುಗಿಯರು, ತಮ್ಮ ಓದಿನ ಹೊತ್ತು ಕಳೆದುಕೊಂಡು ಬರೆದವರು. ಅವರ ಋಣ ನಮ್ಮ ಮೇಲಿದೆ. ಬಳಸುವಾಗ ತಪ್ಪು ಕಂಡರೆ ಗೊಣಗಿ ಸುಮ್ಮನಾಗದೆ ಬರೆದು ತಿಳಿಸು.

ಆ ರಿಜಿಸ್ಟರುಗಳ ಮಳೆ ಲೆಕ್ಕವನ್ನೆಲ್ಲ ಸಿಎಸ್‌ವಿ ಮಾಡಿಟ್ಟಿದ್ದೇನೆ. ಇಲಿ ಕಡಿದ ದಿನಗಳ ಜಾಗ ಖಾಲಿ ಬಿಟ್ಟಿದ್ದೇನೆ, ಅಲ್ಲಿ ಸೊನ್ನೆ ತುಂಬಬೇಡ, ಮಳೆ ಬರಲಿಲ್ಲ ಅಂತಾಗುತ್ತದೆ. ನಿನ್ನ ಬಾವಿಗಳ ಜೊತೆ ಹೊಂದಿಸಿ ನೋಡಲು ಬೇಕಾದರೆ ಹೇಳು, ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ